ಕಾಗದದಲ್ಲಿ ಎರಡು ವರ್ಷ ಚಿಕ್ಕವನು

ಜನವರಿ 12

ಇವರಿಂದ: ತಮ್ಮ
ಇವರಿಗೆ: ಅಕ್ಕ
ವಿಷಯ: ಅರ್ಜಿದಾರನ ವಯಸ್ಸಿನ ಬಗ್ಗೆ ಸ್ಪಷ್ಟನೆ ಕೋರಿ.

ಮಾನ್ಯ ಅಕ್ಕನವರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಗಬೇಡ. ಸಾಕಿದವರ ಮನೆಯಲ್ಲಿ ನಮ್ಮ ಮಾತು ಪೂರ್ತಿ ಮರೆತುಹೋಗಿತ್ತು. ನಲವತ್ತು ದಾಟಿದ ಮೇಲೆ ಅದನ್ನು ಮತ್ತೆ ಕಲಿಸಿದವರು ನಮ್ಮ ಬೀದಿಯಲ್ಲಿದ್ದ ಒಬ್ಬ ನಿವೃತ್ತ ಅರ್ಜಿ ಬರಹಗಾರರು. ಅವರಿಗೆ ಬರುತ್ತಿದ್ದದ್ದು ಒಂದೇ ಧಾಟಿ. ಹೀಗಾಗಿ ಪ್ರೀತಿ, ಜಗಳ, ನೆಗಡಿ ಯಾವುದೇ ಇರಲಿ, ನಾನು 'ವಿಷಯ' ಬರೆಯದೆ ಮುಂದಕ್ಕೆ ಹೋಗಲಾರೆ.

ಕಳೆದುಹೋದವರನ್ನು ಹುಡುಕುವ ಕಚೇರಿಯವರು ಐವತ್ತೆರಡು ವರ್ಷ ಆದ ಮೇಲೆ, ಕಳೆದ ವರ್ಷ, ನಿನ್ನನ್ನೂ ನನ್ನನ್ನೂ ತಮ್ಮ ಪಟ್ಟಿಯ ಒಂದೇ ಸಾಲಿನಲ್ಲಿ ತಂದು ನಿಲ್ಲಿಸಿ ಫೋನ್ ನಂಬರು ಕೊಟ್ಟರು. ನಾವು ಮಾಡಿದ್ದೇನು? 'ಊಟ ಆಯ್ತಾ' ಅಂತ ನೀನು ನಾಲ್ಕು ಸಲ ಕೇಳಿದೆ, ನಾನು ನಾಲ್ಕು ಸಲ ಕೇಳಿದೆ. ಉಳಿದ ಹೊತ್ತೆಲ್ಲ ಎರಡೂ ಕಡೆ ಮೂಗು ಸೊರಸೊರ. ಆದ್ದರಿಂದ ಕಾಗದವೇ ಮೇಲು. ಕಾಗದಕ್ಕೆ ಮೂಗಿಲ್ಲ.

ಅರ್ಜಿದಾರನ ಪರಿಚಯ: ಬಸ್ ಡಿಪೋದಲ್ಲಿ ಸೀಟು ಹೊಲಿಯುವವನು. ಸ್ಪಂಜು ತುಂಬುವುದು, ರೆಕ್ಸಿನ್ ಎಳೆದು ಮೊಳೆ ಹೊಡೆಯುವುದು. ಈ ಊರಿನ ಅರ್ಧ ಜನರ ಹಿಂಭಾಗದ ಸುಖದುಃಖ ನನ್ನ ಕೈಯಲ್ಲಿದೆ. ಅವರಿಗೆ ಗೊತ್ತಿಲ್ಲ, ನಾನೂ ಹೇಳಿಕೊಂಡು ತಿರುಗುವುದಿಲ್ಲ. ಡಿಪೋದ ಹಿಂದಿನ ಹಳೇ ಗೋದಾಮಿನಲ್ಲಿ ಹನ್ನೆರಡು ವರ್ಷದಿಂದ ಒಂದು ಕಾರ್ಖಾನೆ-ಶಾಲೆ ನಡೆಸುತ್ತಿದ್ದೇನೆ. ನಮ್ಮ ಹಾಗೆ ಗಡಿ ದಾಟಿ ಬಂದ ಮಕ್ಕಳಿಗೆ. ಹದಿನೆಂಟು ತುಂಬುವವರೆಗೆ ಅಲ್ಲೇ ಇದ್ದು, ಕೆಲಸ ಕಲಿತು, ಪ್ರಮಾಣಪತ್ರ ತೆಗೆದುಕೊಂಡು ಹೋಗಬಹುದು. ಸದ್ಯ ಇಪ್ಪತ್ತೆರಡು ಜನ. ಅದರಲ್ಲಿ ಒಬ್ಬ ಉದ್ದ, ಒಬ್ಬಳು ಬಾಲ. ಉದ್ದನಿಗೆ ಹದಿನೇಳು. ಬಾಗಿಲಿಗೆ ಬಗ್ಗಿಯೇ ಬರಬೇಕು, ಬಗ್ಗುವುದನ್ನು ಮಾತ್ರ ಇನ್ನೂ ಕಲಿತಿಲ್ಲ. ಬಾಲ ಅವನ ತಂಗಿ, ಎಂಟು ವರ್ಷ, ಅವನು ಹೋದಲ್ಲೆಲ್ಲ ಹಿಂದೆ. ಬೆಳಿಗ್ಗೆ ಅವಳ ಜಡೆ ಹೆಣೆದೇ ಅವನು ಸೂಜಿ ಮುಟ್ಟುವುದು. ಬೇರೆಯವರು ಬಾಚಣಿಗೆ ಹಿಡಿದರೆ ಕಚ್ಚುತ್ತಾಳೆ. ನನಗೂ ಕಚ್ಚಿದ್ದಾಳೆ.

ಈಗ ಅಹವಾಲು. ಡಿಪೋದವರ ಪ್ರಕಾರ ನನಗೆ ಐವತ್ತೆಂಟು. ನನ್ನ ಸೊಂಟದ ಪ್ರಕಾರ ಅರವತ್ತು. ಸೊಂಟ ನಿವೃತ್ತಿ ಬಯಸಿದೆ, ಕಾಗದ ಇನ್ನೂ ದುಡಿ ಅನ್ನುತ್ತಿದೆ. ಈ ಗೊಂದಲಕ್ಕೆಲ್ಲ ಮೂಲಪುರುಷ ನಿರಾಶ್ರಿತರ ಶಿಬಿರದ ಆ ಗುಮಾಸ್ತ. ಏಳು ಬರೆಯುವ ಕಡೆ ಐದು ಬರೆದ ಮಹಾನುಭಾವ. ಆರು ತುಂಬದ ಮಕ್ಕಳನ್ನು ಸಾಕುಮನೆಗಳಿಗೆ ಒಯ್ಯುವ ಬಸ್ಸು ಬಂದಾಗ ಅವನ ಐದು ನನ್ನನ್ನು ಎತ್ತಿ ಒಳಗೆ ಕೂರಿಸಿತು. ಹನ್ನೊಂದು ವರ್ಷದ ನೀನು ಬೇಲಿಯ ಹತ್ತಿರ ಉಳಿದೆ. ನಮ್ಮ ಶಾಲೆಯಲ್ಲಿ ಪ್ರತಿವರ್ಷ ಫೆಬ್ರವರಿಯಲ್ಲಿ ನಾನು ಇದನ್ನೇ ಭಾಷಣ ಮಾಡುತ್ತೇನೆ: 'ಒಂದು ತಪ್ಪು ಅಂಕಿ ಮನುಷ್ಯನನ್ನ ಏನು ಮಾಡುತ್ತೆ ನೋಡಿ.' ಒಳ್ಳೆಯ ಚಪ್ಪಾಳೆ ಬೀಳುತ್ತದೆ.

ನಿಜವಾಗಿ ನನಗೆ ಎಷ್ಟು ವರ್ಷ? ಆ ಐದು ಹೇಗೆ ಬಂತು ಅಂತ ನಿನಗೇನಾದರೂ ನೆನಪಿದೆಯಾ?

ಇನ್ನೊಂದು ಸಣ್ಣ ವಿಷಯ. ಯಾವುದೇ ಸಾಲಿನಲ್ಲಿ ನಿಂತರೂ ನನ್ನ ಮಂಡಿ ತಾನಾಗಿ ಬಗ್ಗುತ್ತದೆ. ಡಾಕ್ಟರಿಗೂ ಅರ್ಥವಾಗಿಲ್ಲ.

ತಮ್ಮ ವಿಧೇಯ,
ತಮ್ಮ


ಫೆಬ್ರವರಿ 2

ಲೋ ಅರ್ಜಿದಾರ,

ನಿನ್ನ ಅರ್ಜಿ ತಲುಪಿತು. ಮೊಹರು ಒತ್ತೋಣ ಅಂದರೆ ನಮ್ಮನೆಯಲ್ಲಿ ಮೊಹರಿಲ್ಲ. ಮೇಲುಗಡೆ ಟೀ ಲೋಟದ ಗುರುತು ಬಿದ್ದಿದೆ, ಅದನ್ನೇ ಮೊಹರು ಅಂದುಕೊಂಡೆ.

ನನ್ನ ಪರಿಚಯವೂ ಆಗಿಬಿಡಲಿ. ಆಸ್ಪತ್ರೆ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ. ದಿನಕ್ಕೆ ಎಂಟುನೂರು ಹೊದಿಕೆ ಒಗೆದು, ಹಬೆಯಲ್ಲಿ ಒತ್ತಿ, ಮೂಲೆಗೆ ಮೂಲೆ ಕೂಡಿಸಿ ಮಡಿಸಿ ಕಳಿಸುತ್ತೇವೆ. ನೀನು ಕೂತವರ ಸೇವೆಗೆ ಹೋದೆ, ನಾನು ಮಲಗಿದವರ ಸೇವೆಗೆ. ನಿಂತವರನ್ನು ನೋಡಿಕೊಳ್ಳುವುದಕ್ಕೆ ನಮ್ಮ ವಂಶದಲ್ಲಿ ಯಾರೂ ಉಳಿಯಲಿಲ್ಲ. ಮನೆ ಎರಡನೇ ಮಹಡಿಯಲ್ಲಿ. ಎರಡು ಕೋಣೆ, ಒಂದರಲ್ಲಿ ನಾನು, ಇನ್ನೊಂದರಲ್ಲಿ ಇಸ್ತ್ರಿ ಮೇಜು. ಮೇಜು ನನಗಿಂತ ಕಡಿಮೆ ಗೊಣಗುತ್ತದೆ.

ನಿನಗೆ ಅರವತ್ತೇ. ಇದರಲ್ಲಿ ಅನುಮಾನ ಬೇಡ. ನೀನು ಹುಟ್ಟಿದ ದಿನ ಅಪ್ಪ ಮಾಡಿನ ಮೇಲಿದ್ದ. 'ಗಂಡು ಮಗು' ಅಂತ ಕೂಗಿದ್ದಕ್ಕೆ ಖುಷಿಯಲ್ಲಿ ಏಣಿ ಮರೆತು ಇಳಿದ. ಒಂದು ತಿಂಗಳು ಒಂದೇ ಮಂಚದಲ್ಲಿ ಆ ಕಡೆ ಬಾಣಂತಿ, ಈ ಕಡೆ ಮುರಿದ ಕಾಲು, ನಡುವೆ ನೀನು. ಯಾರು ಅತ್ತರೂ ನಿನ್ನ ಲೆಕ್ಕಕ್ಕೇ ಹಾಕುತ್ತಿದ್ದರು. ಆಗ ನನಗೆ ನಾಲ್ಕು. ಈಗ ನನಗೆ ಅರವತ್ತನಾಲ್ಕು. ಕಳೆದು ನೋಡಿಕೋ.

ಆ ಐದರ ವಿಷಯ ನನಗೇನು ಗೊತ್ತು? ಗುಮಾಸ್ತರು ಅಂದಮೇಲೆ ತಪ್ಪು ಬರೆಯದೆ ಇರುತ್ತಾರಾ. ದಪ್ಪ ಕನ್ನಡಕ ಹಾಕಿಕೊಂಡಿದ್ದ ಅಂತ ನೆನಪು. ಮಳೆಗೆ ಶಾಯಿ ಬೇರೆ ಹರಡುತ್ತಿತ್ತು. ಆಗಿದ್ದು ಆಗಿಹೋಯಿತು, ಬಿಡು.

ಮಂಡಿಗೆ ವಾಯು ಇರಬೇಕು. ಎಣ್ಣೆ ಬಿಸಿ ಮಾಡಿ ತಿಕ್ಕು.

ಬಾಲ ಕಚ್ಚಿದ್ದು ಎಲ್ಲಿ? ಬರೆಯದೆ ಬಿಟ್ಟಿದ್ದೀಯ. ಅರ್ಜಿಯಲ್ಲಿ ವಿವರ ಅಪೂರ್ಣ.

ಅಕ್ಕ


ಫೆಬ್ರವರಿ 20

ಇವರಿಂದ: ತಮ್ಮ
ಇವರಿಗೆ: ಅಕ್ಕ
ವಿಷಯ: ಸಲಹೆ ಕೋರಿ (ತುರ್ತು).

ಮಾನ್ಯ ಅಕ್ಕನವರೇ,

ಮೊದಲನೆಯದಾಗಿ, ಕಚ್ಚಿದ್ದು ಎಡಗೈ ಹೆಬ್ಬೆರಳಿಗೆ. ಕಡತಕ್ಕೆ ಸೇರಿಸಿಕೊಳ್ಳತಕ್ಕದ್ದು.

ಎರಡನೆಯದಾಗಿ, ಕಳೆದ ವಾರ ಭಾಷಣ ಮಾಡಿದೆ. ಗುಮಾಸ್ತನ ಪ್ರಸಂಗ ಬಂದಾಗ ಕರವಸ್ತ್ರ ತೆಗೆಯುವ ಜಾಗ ಒಂದಿದೆ, ಅಲ್ಲಿ ತೆಗೆದೆ. ಚಪ್ಪಾಳೆಯೂ ಬಿತ್ತು. ಎಲ್ಲ ಮುಗಿದು ಕುರ್ಚಿ ಮಡಿಸುತ್ತಿದ್ದಾಗ ಉದ್ದ ಬಂದು ನಿಂತ.

'ಮೇಷ್ಟ್ರೇ, ಒಂದು ಮಾತು.'

'ಹೇಳಪ್ಪ. ಮೊದಲು ಕೂತ್ಕೋ, ಕತ್ತೆತ್ತಿ ನನಗೆ ಕುತ್ತಿಗೆ ನೋವು.'

ಅವನು ಕೂರಲಿಲ್ಲ. ಎಡಗಾಲಿನ ಬೂಟು ಬಿಚ್ಚಿ, ಒಳಗಿನ ಅಟ್ಟೆಯ ಕೆಳಗಿಂದ ಒಂದು ಕಾಗದ ಎಳೆದ. ಕಾಲಿನ ಆಕಾರಕ್ಕೇ ಬಂದುಬಿಟ್ಟಿತ್ತು. ಅವನ ಊರಿನ ಶಾಲೆಯ ಅಂಕಪಟ್ಟಿ. ಹುಟ್ಟಿದ ವರ್ಷ ಓದಿ ಬೆರಳಲ್ಲಿ ಎಣಿಸಿದೆ. ಹತ್ತೊಂಬತ್ತು.

'ಹದಿನೆಂಟಾಗಿದ್ದರೆ ಬಾಲನ ಜೊತೆ ಇಲ್ಲಿ ಬಿಡ್ತಿರಲಿಲ್ಲ, ಅದಕ್ಕೇ ಸುಳ್ಳು ಹೇಳಿದ್ದೆ' ಅಂದ. 'ಆದ್ರೆ ನೀವು ಹೇಳಿದ್ದು ಕೇಳಿ ಹೆದರಿಕೆ ಆಯ್ತು ಮೇಷ್ಟ್ರೇ. ಒಂದು ತಪ್ಪು ಅಂಕಿಯಿಂದ ನಿಮಗೆ ಅಕ್ಕಾನೇ ಹೋದ್ರು. ನಮಗೂ ಹಂಗೇ ಆದ್ರೆ? ಸರಿ ಮಾಡಿಬಿಡಿ.'

ಎಲ್ಲಿ ಸಿಕ್ಕಿಕೊಂಡಿದ್ದೇನೆ ನೋಡು. ಮಾರ್ಚ್ ಹದಿನೈದಕ್ಕೆ ನಿರಾಶ್ರಿತರ ಕಚೇರಿಗೆ ಎಲ್ಲ ಮಕ್ಕಳ ವಯಸ್ಸು ಬರೆದು ಸಹಿ ಹಾಕಿ ಕಳಿಸಬೇಕು. ಹತ್ತೊಂಬತ್ತು ಅಂತ ಬರೆದರೆ ಉದ್ದನನ್ನು ದೂರದ ಊರಿನ ದೊಡ್ಡವರ ಹಾಸ್ಟೆಲಿಗೆ ಕಳಿಸುತ್ತಾರೆ. ಬಾಲ ಇಲ್ಲೇ. ಹದಿನೇಳು ಅಂತಲೇ ಬಿಟ್ಟರೆ ಇನ್ನೊಂದು ವರ್ಷ ಸಿಗುತ್ತದೆ. ಅಷ್ಟರಲ್ಲಿ ಪ್ರಮಾಣಪತ್ರ ಬರುತ್ತದೆ, ಕೆಲಸ ಸಿಗುತ್ತದೆ, ಕೆಲಸವೂ ಕೋಣೆಯೂ ಇದ್ದವನು ತಂಗಿಯನ್ನು ಜೊತೆಗಿಟ್ಟುಕೊಳ್ಳಬಹುದು ಅಂತ ನಿಯಮವೇ ಇದೆ.

ಹನ್ನೆರಡು ವರ್ಷದಲ್ಲಿ ನಾನು ಒಂದು ಅಂಕಿಯನ್ನೂ ಸುಳ್ಳು ಬರೆದಿಲ್ಲ. ಅದು ನನ್ನ ಒಂದೇ ಒಣ ಹೆಮ್ಮೆ. ಈಗ ಆ ಗುಮಾಸ್ತನ ಕುರ್ಚಿಯಲ್ಲಿ ನಾನೇ ಕೂತಿದ್ದೇನೆ. ಆ ಬೇಲಿಯ ಹತ್ತಿರ ನಿಂತಿದ್ದವಳು ನೀನು. ನೀನು ಹೇಳಿದ ಹಾಗೆ ಮಾಡುತ್ತೇನೆ. ಹದಿನೈದರೊಳಗೆ ಬರೆ.

ತಮ್ಮ ವಿಧೇಯ,
ತಮ್ಮ


ಮಾರ್ಚ್ 9

ತಮ್ಮಾ,

ತಡವಾಯಿತು. ಹಬೆಯ ಯಂತ್ರ ಕೆಟ್ಟು ಲಾಂಡ್ರಿಯಲ್ಲಿ ಹೊದಿಕೆಗಳು ಬೆಟ್ಟದ ಹಾಗೆ ಬಿದ್ದಿದ್ದವು. ಅದೂ ಇದೂ.

ನನ್ನನ್ನೇನು ಕೇಳುತ್ತೀಯ, ನೀನೇ ಮೇಷ್ಟ್ರು. ಹುಡುಗ ತಾನಾಗಿ ಬಂದು ಹೇಳಿದ್ದಾನೆ, ಒಳ್ಳೆಯವನು. ಸುಳ್ಳು ಅಂದರೆ ಸುಳ್ಳೇ ಅಲ್ಲವಾ. ಇದ್ದದ್ದು ಇದ್ದ ಹಾಗೆ ಬರೆದುಬಿಡು. ಮೇಲಿನವರು ಏನೋ ದಾರಿ ಮಾಡುತ್ತಾರೆ. ಈಗಿನ ಕಚೇರಿಗಳು ಆಗಿನ ಹಾಗಲ್ಲ, ಎಲ್ಲ ಕಂಪ್ಯೂಟರು.

ಎಣ್ಣೆ ತಿಕ್ಕಿದೆಯಾ? ಹಗುರಾಗಿ ತಿಕ್ಕಬೇಕು, ರೆಕ್ಸಿನ್ ಎಳೆದ ಹಾಗೆ ಎಳೆಯಬೇಡ.

ಅಕ್ಕ


ಏಪ್ರಿಲ್ 6

ಇವರಿಂದ: ತಮ್ಮ
ಇವರಿಗೆ: ಅಕ್ಕ
ವಿಷಯ:

ಅಕ್ಕ,

ವಿಷಯದ ಮುಂದೆ ಏನು ಬರೆಯಬೇಕು ಅಂತ ತಿಳಿಯಲಿಲ್ಲ. ಹಾಗೇ ಬಿಟ್ಟಿದ್ದೇನೆ.

ನಿನ್ನ ಕಾಗದ ಹದಿಮೂರಕ್ಕೆ ಬಂತು. ಜೇಬಿನಲ್ಲಿಟ್ಟುಕೊಂಡೇ ಅರ್ಜಿ ತುಂಬಿದೆ. ಹತ್ತೊಂಬತ್ತು. ಒಳ್ಳೆಯ ಅಕ್ಷರದಲ್ಲಿ ಬರೆದೆ. ಯಾವ ಮಳೆಗೂ ಹರಡದ ಶಾಯಿ. ಜೊತೆಗೆ ಎರಡು ಪುಟದ ಮನವಿ: ಇವನು ತಾನಾಗಿ ಸತ್ಯ ಹೇಳಿದ್ದಾನೆ, ತಂಗಿ ಚಿಕ್ಕವಳು, ದಯಮಾಡಿ ಒಂದು ವರ್ಷ ಇಲ್ಲೇ ಬಿಡಬೇಕು. ನನ್ನ ಆಯುಷ್ಯದ ಅತ್ಯುತ್ತಮ ಅರ್ಜಿ ಅದು. ಉತ್ತರ ಒಂದೂವರೆ ಸಾಲು. ಮನವಿಗೆ ಅವಕಾಶವಿಲ್ಲ, ಮೂವತ್ತನೇ ತಾರೀಕು ಬೆಳಿಗ್ಗೆ ಹತ್ತಕ್ಕೆ ವ್ಯಾನು ಬರುತ್ತದೆ.

ವ್ಯಾನು ಹತ್ತಕ್ಕೆ ಐದು ನಿಮಿಷ ಇರುವಾಗಲೇ ಬಂತು. ಇಂಥದ್ದಕ್ಕೆ ಮಾತ್ರ ಯಾರೂ ತಡ ಮಾಡುವುದಿಲ್ಲ.

ಅವತ್ತು ಉದ್ದ ಬಾಲನಿಗೆ ಎರಡು ಜಡೆ ಹಾಕಿದ್ದ. ಗಟ್ಟಿಯಾಗಿ, ಸೀಟಿಗೆ ಹಾಕುವ ದಾರದಲ್ಲೇ ಕಟ್ಟಿ. 'ನಾನು ಬರೋವರೆಗೂ ಬಿಚ್ಚಬೇಡ' ಅಂದ. ನನ್ನ ಕೈ ಕುಲುಕಿ 'ಥ್ಯಾಂಕ್ಸ್ ಮೇಷ್ಟ್ರೇ' ಅಂದ. ಅಕ್ಕ, ಅವನು ವ್ಯಂಗ್ಯವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಬಾಲ ಅಳಲಿಲ್ಲ, ಓಡಲಿಲ್ಲ. ಗೇಟಿನ ಕಂಬಿಗಳ ನಡುವೆ ಕೆನ್ನೆ ಇಟ್ಟು ನೋಡುತ್ತಾ ನಿಂತಳು. ಆಮೇಲೆ ನನ್ನ ಕಡೆ ತಿರುಗಿ, 'ನಿಮ್ಮ ಭಾಷಣ ಕೇಳಿ ತಾನೇ?' ಅಂದಳು. ಎಂಟು ವರ್ಷದವಳು. ಅವತ್ತಿನಿಂದ ನನ್ನ ಹತ್ತಿರ ಮಾತಿಲ್ಲ. ಜಡೆ ಬಿಚ್ಚಿಲ್ಲ, ಯಾರಿಗೂ ಬಿಚ್ಚಲು ಕೊಡುತ್ತಿಲ್ಲ. ಒಂದು ವಾರದಲ್ಲಿ ಅದು ಬಸ್ಸಿನ ಹಳೇ ಸೀಟಿನೊಳಗಿನ ನಾರಿನ ಹಾಗಾಗಿದೆ. ಗೇಟಿನ ಹತ್ತಿರ ಕೂರುತ್ತಾಳೆ, ಊಟಕ್ಕೆ ಕರೆದರೆ ಬಂದು ತಿಂದು ವಾಪಸು ಗೇಟಿಗೆ.

ಸಾಕಿದಮ್ಮನ ಮನೆಯಲ್ಲಿ ನಾನೂ ಒಂದು ವರ್ಷ ಮಾತಾಡಿರಲಿಲ್ಲವಂತೆ. ಬ್ರೆಡ್ಡಿನ ತುಂಡು ಹಾಸಿಗೆ ಕೆಳಗೆ ಬಚ್ಚಿಡುತ್ತಿದ್ದೆನಂತೆ, ಯಾರಿಗೋ ಅಂತ. ಅದನ್ನೆಲ್ಲ ದಾಟಿ ಬಂದೆ ಅಂದುಕೊಂಡೇ ಈ ಶಾಲೆ ಕಟ್ಟಿದೆ. ಮೊನ್ನೆ ಬಾಲನ ಹಾಸಿಗೆ ಎತ್ತಿದರೆ ಕೆಳಗೆ ಏಳು ತುಂಡು ಬ್ರೆಡ್ಡು.

ಉದ್ದನ ಹಾಸ್ಟೆಲ್ ಇರುವುದು ನಿನ್ನ ಊರಿಗೆ ಬರುವ ರೈಲಿನ ದಾರಿಯಲ್ಲೇ, ನಿನಗಿಂತ ಮೂರು ನಿಲ್ದಾಣ ಮೊದಲು. ಸುಮ್ಮನೆ ಹೇಳಿದೆ.

ತಮ್ಮ


ಏಪ್ರಿಲ್ 19

ತಮ್ಮಾ,

ಈ ಕಾಗದದಲ್ಲಿ ತಮಾಷೆ ಇಲ್ಲ. ಹುಡುಕಿದೆ, ಸಿಗಲಿಲ್ಲ.

ಗುಮಾಸ್ತ ಯಾವ ತಪ್ಪನ್ನೂ ಬರೆಯಲಿಲ್ಲ. ನಾನು ಹೇಳಿದ್ದನ್ನು ಬರೆದ. ಕನ್ನಡಕವೂ ಇರಲಿಲ್ಲ ಅವನಿಗೆ, ಅದನ್ನು ಹಾಕಿದ್ದು ನಾನು, ಫೆಬ್ರವರಿಯಲ್ಲಿ.

ಶಿಬಿರದಲ್ಲಿ ಆರು ತುಂಬದ ಮಕ್ಕಳಿಗೆ ಕೆಂಪು ಚೀಟಿ ಕೊಡುತ್ತಿದ್ದರು. ಕೆಂಪು ಚೀಟಿಗೆ ದಿನಕ್ಕೆ ಒಂದು ಲೋಟ ಪುಡಿ ಹಾಲು. ದೊಡ್ಡವರಿಗೆ ಗಂಜಿನೀರು ಮಾತ್ರ. ಅಪ್ಪ ದಾರಿಯಲ್ಲೇ ಉಳಿದ, ಅಮ್ಮ ಶಿಬಿರ ಸೇರಿದ ಹತ್ತನೇ ದಿನ ಹೋದಳು. ಹೋಗುವ ಮುಂಚೆ 'ಇವನನ್ನ ಹಸಿದಿರೋಕೆ ಬಿಡಬೇಡ' ಅಂದಿದ್ದಳು. ನಾನು ಹೇಳಿದ ಮಾತು ಕೇಳುವ ಹುಡುಗಿ. ಸಾಲಿನಲ್ಲಿ ನಿಲ್ಲುವ ಮುಂಚೆ ಡೇರೆಯ ಹಿಂದೆ ನಿನಗೆ ಅಭ್ಯಾಸ ಮಾಡಿಸಿದೆ. ಮಂಡಿ ಬಗ್ಗಿಸಿ ನಿಲ್ಲು, ಉದ್ದ ಕಾಣಬಾರದು. ವಯಸ್ಸು ಕೇಳಿದರೆ ಬಾಯಿ ಬಿಡಬೇಡ, ಐದು ಬೆರಳು ತೋರಿಸು. ಎರಡೇ ಸಲಕ್ಕೆ ಕಲಿತೆ. ಜಾಣ ಅಂತ ಮುತ್ತು ಕೊಟ್ಟಿದ್ದೆ.

ನಿನ್ನ ಮಂಡಿಗೆ ವಾಯು ಇಲ್ಲ ಕಣೋ.

ಸುಳ್ಳು ಹೇಳಿದ್ದು ನಾನೊಬ್ಬಳೇ ಅಲ್ಲ. ಅಲ್ಲಿ ಎಂಟು ವರ್ಷದವರೆಲ್ಲ ಐದರಲ್ಲೇ ನಿಂತುಬಿಟ್ಟಿದ್ದರು. ಆದರೆ ಕೆಂಪು ಚೀಟಿಯ ಮಕ್ಕಳಿಗೇ ಬಸ್ಸು ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು? ಚಳಿಗಾಲ ಮುಗಿಯುವವರೆಗೆ ಮಾತ್ರ, ಆಮೇಲೆ ವಾಪಸು ಅಂದರು. ನೀನು ಒಳಗೆ ಹೋದ ಮೇಲೆ ನನಗೆ ಹೊಳೆಯಿತು. ಬಸ್ಸಿನ ಹಿಂದೆ ಓಡಿದೆ. 'ಏಳು! ಅವನಿಗೆ ಏಳು!' ಅಂತ ಗಂಟಲು ಹರಿಯುವಂತೆ ಕೂಗಿದೆ. ಅಲ್ಲಿದ್ದವರಿಗೆ ಯಾರಿಗೂ ನಮ್ಮ ಮಾತು ತಿಳಿಯದು. ಬಸ್ಸು ಒಂದು ಸಲ ನಿಂತಿತು. ನನ್ನ ಕೂಗು ಕೇಳಿಸಿತು ಅಂದುಕೊಂಡೆ. ಮತ್ತೆ ಹೊರಟುಹೋಯಿತು. ಯಾಕೆ ನಿಂತಿತೋ, ಯಾಕೆ ಹೊರಟಿತೋ, ಐವತ್ತಮೂರು ವರ್ಷದಿಂದ ಯೋಚಿಸುತ್ತಿದ್ದೇನೆ.

ಅವತ್ತಿನಿಂದ ಹಾಲು ಕುಡಿದಿಲ್ಲ. ಲಾಂಡ್ರಿಯಲ್ಲಿ ಎಲ್ಲರೂ ನನಗೆ ಹಾಲು ಆಗಿಬರುವುದಿಲ್ಲ ಅಂದುಕೊಂಡಿದ್ದಾರೆ.

ಜನವರಿಯಲ್ಲಿ ನೀನು ಕೇಳಿದಾಗಲೇ ಇಷ್ಟು ಬರೆದಿದ್ದರೆ ನೀನು ಆ ಭಾಷಣ ಮಾಡುತ್ತಿರಲಿಲ್ಲ. ಭಾಷಣ ಇಲ್ಲದಿದ್ದರೆ ಆ ಹುಡುಗ ಬೂಟು ಬಿಚ್ಚುತ್ತಿರಲಿಲ್ಲ. ಮಾರ್ಚಿನಲ್ಲೂ ಬರೆಯಬಹುದಿತ್ತು. ಹಬೆಯ ಯಂತ್ರ ಕೆಟ್ಟಿರಲಿಲ್ಲ. ನಾಲ್ಕು ಸಲ ಬರೆದು ಹರಿದೆ. 'ಸುಳ್ಳೇ ಇರಲಿ ಬಿಡು' ಅಂತ ಬರೆದರೆ, ನಿನಗೇನು ಗೊತ್ತು ಅಂತ ನೀನು ಕೇಳುತ್ತೀಯ ಅನ್ನಿಸಿತು. ನನ್ನ ಮಾನ ಉಳಿಸಿಕೊಳ್ಳಲು 'ಬರೆದುಬಿಡು' ಅಂದೆ. ಸಿಕ್ಕಿದ ತಮ್ಮ ಮತ್ತೆ ಹೋಗಿಬಿಡುತ್ತಾನೆ ಅನ್ನುವ ಭಯಕ್ಕೆ ಇನ್ನೊಬ್ಬಳ ಅಣ್ಣನನ್ನು ಕಳಿಸಿದೆ.

ಬಯ್ಯಿ. ಆದರೆ ಬರೆದು ಬಯ್ಯಿ.

ಅಕ್ಕ


ಜೂನ್ 3

ತಮ್ಮಾ,

ಆರು ವಾರ ಆಯಿತು. ಅಂಚೆಯವನು ನನ್ನ ಮುಖ ನೋಡಿ ಈಗ ಆ ಕಡೆಯ ಬೀದಿಯಲ್ಲಿ ಹೋಗುತ್ತಾನೆ. ಅವನಿಗೇಕೆ ಶಿಕ್ಷೆ, ಪಾಪ.

ನೀನು ಸುಮ್ಮನಿದ್ದೀಯ ಅಂತ ನಾನೂ ಸುಮ್ಮನೆ ಕೂರಲಿಲ್ಲ. ಭಾನುವಾರ ಮೂರು ನಿಲ್ದಾಣ ಆಚೆ ಹೋಗಿಬಂದೆ. ಹಾಸ್ಟೆಲಿನವನು 'ನೀವು ಯಾರಾಗಬೇಕು?' ಅಂದ. 'ಅವನ ಮೇಷ್ಟ್ರ ಅಕ್ಕ' ಅಂದೆ. ಆ ನಂಟಿಗೆ ಅವನ ಪುಸ್ತಕದಲ್ಲಿ ಕಾಲಂ ಇರಲಿಲ್ಲ. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ಒಳಗೆ ಬಿಟ್ಟ.

ಒಂದು ಕೋಣೆಗೆ ಎಂಟು ಮಂಚ. ಉದ್ದನ ಕಾಲು ಮಂಚದಿಂದ ಒಂದು ಗೇಣು ಆಚೆ. ಕೆಳಗೆ ಒಂದು ಸ್ಟೂಲು ಇಟ್ಟು ಅದಕ್ಕೆ ತಾನೇ ಸ್ಪಂಜು ಹಾಕಿ ಹೊಲಿದುಕೊಂಡಿದ್ದಾನೆ. ಹೊಲಿಗೆ ನೋಡಿದೆ, ನೇರವಾಗಿದೆ, ನಿನ್ನ ಹೆಸರು ಕೆಡಿಸಿಲ್ಲ. ಬಾಟಲಿ ಕಾರ್ಖಾನೆಯಲ್ಲಿ ಪೆಟ್ಟಿಗೆ ಹೊರುತ್ತಾನೆ. ಅಂಗೈಯಲ್ಲಿ ಗಾಜಿನ ಗೀರುಗಳು.

ನಿನ್ನ ಮೇಲೆ ಕೋಪವಾ ಅಂತ ಕೇಳಿದೆ. 'ಇಲ್ಲ ಅಜ್ಜಿ, ನಾನೇ ಹೋಗಿ ಹೇಳಿದ್ದಲ್ವಾ' ಅಂದ. (ಅಜ್ಜಿ ಅಂದ. ಅದೊಂದಕ್ಕೆ ಅವನನ್ನು ಕ್ಷಮಿಸಿಲ್ಲ.) ನಾನು ತೆಗೆದುಕೊಂಡು ಹೋಗಿದ್ದ ಹಣ್ಣು ಮುಟ್ಟಲಿಲ್ಲ, ಕುಶಲ ಕೇಳಲಿಲ್ಲ. ಒಂದೇ ಪ್ರಶ್ನೆ: 'ಅವಳ ತಲೆ ಯಾರು ಬಾಚ್ತಾರೆ?'

ನನಗೆ ಉತ್ತರ ಗೊತ್ತಿತ್ತು. ಈ ಸಲ ಸುಳ್ಳು ಹೇಳಲಿಲ್ಲ. 'ಯಾರೂ ಇಲ್ಲ' ಅಂದೆ. ಅವನು ಹೋಗಿ ಆ ಸ್ಪಂಜಿನ ಸ್ಟೂಲಿನ ಮೇಲೆ ಗೋಡೆಗೆ ಮುಖ ಮಾಡಿ ಕೂತ.

ಈಗ ಕೇಳು. ಆಗಸ್ಟಿಗೆ ನನ್ನ ನಿವೃತ್ತಿ. ನನ್ನ ಜಾಗಕ್ಕೆ ಅವನನ್ನು ಸೇರಿಸಿಕೊಳ್ಳುವಂತೆ ಮೇಲಿನವರ ಹತ್ತಿರ ಜಗಳವಾಡಿ ಒಪ್ಪಿಸಿದ್ದೇನೆ. ಹೊದಿಕೆಯ ಎರಡು ತುದಿ ಒಬ್ಬನೇ ಹಿಡಿಯುವಷ್ಟು ಉದ್ದ ಕೈ, ಅವರಿಗೂ ಲಾಭ. ಇಸ್ತ್ರಿ ಮೇಜು ನನ್ನ ಕೋಣೆಗೆ ಬಂದಿದೆ, ಆ ಕೋಣೆ ಅವನಿಗೆ. ಕಚೇರಿಯಲ್ಲಿ ವಿಚಾರಿಸಿದೆ. ಕೆಲಸವೂ ಕೋಣೆಯೂ ಒಂದು ವರ್ಷ ನಿಂತರೆ ತಂಗಿಯನ್ನು ಜೊತೆಗೆ ಕೊಡಿ ಅಂತ ಕೇಳಬಹುದಂತೆ. ಅಂದರೆ ನೀನು ಸುಳ್ಳು ಬರೆದಿದ್ದರೆ ಹೇಗೋ ಸಿಗುತ್ತಿದ್ದ ವರ್ಷವೇ ಇದು. ಆಗ ಇಬ್ಬರೂ ಒಂದೇ ಗೇಟಿನೊಳಗೆ ಇರುತ್ತಿದ್ದರು, ಅಷ್ಟೇ ವ್ಯತ್ಯಾಸ. ಅಷ್ಟೇ.

ರಜೆಯಲ್ಲಿ ಬಾಲನನ್ನು ಕರೆದುಕೊಂಡು ಬಾ. ನನಗೋಸ್ಕರ ಬೇಡ. ಅವಳ ತಲೆಗೋಸ್ಕರ ಬಾ.

ಅಕ್ಕ


ಜುಲೈ 11

ಅಕ್ಕಾ,

ಇದನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ನಿನ್ನ ಬಾಗಿಲಿಗೆ ಬಂದು ಕೈಯಲ್ಲೇ ಕೊಡುತ್ತೇನೆ. ಕೊಟ್ಟು ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತೇನೆ. ನೀನು ಬಾಗಿಲು ಹಾಕಿಕೊಂಡು ಓದು. ಓದಿದ ಮೇಲೆ ತೆರೆಯುವುದೋ ಬಿಡುವುದೋ ನಿನಗೆ ಬಿಟ್ಟದ್ದು. ಉದ್ದನನ್ನೂ ಬಾಲನನ್ನೂ ಮಾತ್ರ ಒಳಗೆ ಕರೆದುಕೊ.

ನಿನ್ನ ಏಪ್ರಿಲ್ ಕಾಗದಕ್ಕೆ ಉತ್ತರ ಬರೆಯದೆ ಇದ್ದದ್ದು ಕೋಪಕ್ಕಲ್ಲ. ಮಂಡಿ ಬಗ್ಗಿಸಲು ಕಲಿಸಿದ್ದು ನೀನೇ ಅಂತ ನನಗೆ ಮೊದಲಿನಿಂದಲೂ ನೆನಪಿದೆ. ಹಾಲಿನ ಲೋಟ ತಗಡಿನದು, ಅಂಚು ನಗ್ಗಿತ್ತು, ನೀನು ಯಾವತ್ತೂ ಒಂದು ಗುಟುಕನ್ನೂ ಕುಡಿಯಲಿಲ್ಲ. ಗುಮಾಸ್ತನ ತಪ್ಪನ್ನು ಸೃಷ್ಟಿಸಿದ್ದು ನಾನೇ. ನಿನ್ನನ್ನು ಕಾಪಾಡಲು ಅಂದುಕೊಳ್ಳಬೇಡ.

ಬಸ್ಸು ಯಾಕೆ ನಿಂತಿತು, ಯಾಕೆ ಹೊರಟಿತು ಅಂತ ಕೇಳಿದ್ದೀಯಲ್ಲ.

ಬಸ್ಸಿನಲ್ಲಿ ಒಬ್ಬ ದಾದಿ ಇದ್ದಳು. ಅವಳಿಗೆ ನಮ್ಮ ಮಾತು ಬರುತ್ತಿತ್ತು. ನಿನ್ನ ಕೂಗು ಕೇಳಿ ಡ್ರೈವರಿಗೆ ನಿಲ್ಲಿಸಲು ಹೇಳಿದಳು. ನನ್ನ ಹತ್ತಿರ ಬಂದು ಬಗ್ಗಿ, ನಿಧಾನವಾಗಿ, 'ಪುಟ್ಟಾ, ಆ ಹುಡುಗಿ ನಿನ್ನ ಅಕ್ಕನಾ? ನಿನಗೆ ಏಳಾಗಿದ್ರೆ ಇಳಿದು ಅವಳ ಜೊತೆ ಇರಬಹುದು. ನಿಜ ಹೇಳು, ಎಷ್ಟು?' ಅಂದಳು.

ನಾನು ಕಿಟಕಿ ಪಕ್ಕದ ಸೀಟಿನಲ್ಲಿ ಕೂತಿದ್ದೆ. ಅದಕ್ಕೆ ಮುಂಚೆ ಬಸ್ಸಿನೊಳಗೆ ಕಾಲಿಟ್ಟವನೇ ಅಲ್ಲ. ಮೆತ್ತನೆಯ ಹಸಿರು ಸೀಟು, ಕೂತರೆ ಒಳಗೆ ಇಳಿಯುತ್ತಿತ್ತು. ಪಕ್ಕದ ಹುಡುಗನಿಗೆ ಅದರ ಮೇಲೇ ಕಣ್ಣು. ಎದ್ದರೆ ಹೋಯಿತು. ಹೇಗೂ ಒಂದು ಸುತ್ತು ಹೋಗಿ ಸಂಜೆಗೆ ವಾಪಸು ಬರುತ್ತೆ ಅಂದುಕೊಂಡೆ. ನೀನು ಹಿಂದೆ ಓಡಿ ಬರುತ್ತಿದ್ದದ್ದು ಕಾಣಿಸುತ್ತಿತ್ತು.

ನಾನು ಐದು ಬೆರಳು ತೋರಿಸಿದೆ.

ಅದು ನೀನು ಕಲಿಸಿದ್ದಲ್ಲ ಅಕ್ಕ. ಅದು ಮಾತ್ರ ನನ್ನದೇ. ಆಮೇಲೆ ಇಡೀ ಜೀವನ ಬಸ್ಸಿನ ಸೀಟು ಹೊಲಿದೆ, ಯಾಕೆ ಅಂತ ಯಾರೂ ಕೇಳಲಿಲ್ಲ. ಒಂದು ದಿನವೂ ಕಿಟಕಿ ಪಕ್ಕ ಕೂರಲಿಲ್ಲ, ಅದನ್ನೂ ಯಾರೂ ಕೇಳಲಿಲ್ಲ. ಹನ್ನೆರಡು ವರ್ಷ ಗುಮಾಸ್ತನ ಮೇಲೆ ಹಾಕಿ ಭಾಷಣ ಮಾಡಿದೆ. ಹೇಳುತ್ತಾ ಹೇಳುತ್ತಾ ನಾನೂ ಅರ್ಧ ನಂಬಿಬಿಟ್ಟಿದ್ದೆ. ಆ ಕಥೆಯನ್ನು ನನಗಿಂತ ಹೆಚ್ಚು ನಂಬಿದವನು ಬೂಟು ಬಿಚ್ಚಿದ.

ಇವತ್ತು ಮಧ್ಯಾಹ್ನ ಬಾಲನ ಜೊತೆ ಇಲ್ಲಿ, ಉದ್ದನ ಹಾಸ್ಟೆಲಿಗೆ, ಬಂದಿಳಿದೆ. ಉದ್ದನಿಗೆ ಇದನ್ನೆಲ್ಲ ಹೇಳಿದೆ. ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡ. ತಂಗಿಯನ್ನು ಸ್ಪಂಜಿನ ಸ್ಟೂಲಿನ ಮೇಲೆ ಕೂರಿಸಿಕೊಂಡು ಜಡೆ ಬಿಚ್ಚಲು ಶುರುಮಾಡಿದ. ನಾನು ಈ ಮೂಲೆಯ ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ. ಗಂಟೆಯ ಮೇಲಾಯಿತು, ಇನ್ನೂ ಒಂದೇ ಜಡೆ ಬಿಡಿಸಿದ್ದಾನೆ. ಸೀಟಿನ ದಾರ ಗಟ್ಟಿ, ನಾನೇ ತಂದದ್ದು. ನೋವಾದಾಗ ಅವಳು 'ಸ್' ಅನ್ನುತ್ತಾಳೆ, ಕಚ್ಚುವುದಿಲ್ಲ.

ಒಂದು ವಿಷಯ ಹೇಳಿ ಮುಗಿಸುತ್ತೇನೆ. ಬರುವಾಗ ಬಸ್ಸು ಖಾಲಿ ಇತ್ತು, ನಮ್ಮ ಡಿಪೋದ್ದೇ, ಸೀಟು ನನ್ನ ಕೈಯದೇ. ಬಾಲನಿಗೆ 'ಕಿಟಕಿ ಪಕ್ಕ ಕೂತ್ಕೋ ಪುಟ್ಟಾ' ಅಂದೆ. ಮೂರು ತಿಂಗಳಾದ ಮೇಲೆ ಅವಳು ನನ್ನ ಹತ್ತಿರ ಮಾತಾಡಿದಳು.

'ಬೇಡ. ಈ ಕಡೆ ಕೂತ್ಕೋತೀನಿ. ಅಣ್ಣ ಕಂಡ್ರೆ ಬೇಗ ಇಳೀಬಹುದು.'

ಹಾಗಾಗಿ ಐವತ್ತಮೂರು ವರ್ಷದ ಮೇಲೆ ಕಿಟಕಿ ಪಕ್ಕ ನಾನು ಕೂತೆ. ದಾರಿಯುದ್ದಕ್ಕೂ ನೋಡಿದೆ. ಒಂದು ಹೊಲ ಬಂತು, ಒಂದಷ್ಟು ಕಂಬ ಬಂದವು, ಮತ್ತೆ ಒಂದು ಹೊಲ. ಒಂದು ಗೋಡೆ. ಮತ್ತೆ ಕಂಬ.

ಇಷ್ಟೇ ಅಕ್ಕ. ಹೊರಗೆ ಇದ್ದದ್ದು ಇಷ್ಟೇ.

ತಮ್ಮ